ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೆರೆ: ಡ್ಯೂರರ್ ಕಾಲದ ಕೊರೆತದ ಕೆಲಸ ಹೇಗಿತ್ತು?

ಓದುಗರ ಪ್ರಶ್ನೆ: ನಾನು ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ಈಚೆಗೆ ಒಂದು ಪ್ರದರ್ಶನದಲ್ಲಿ, ಐನೂರು ವರ್ಷದ ಹಿಂದಿನ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ನ ‘ಮೆಲಂಕೋಲಿಯಾ’ ಚಿತ್ರದ ಅಚ್ಚು ನೋಡಿದೆ. ಒಂದು ನೋಟ್‌ಬುಕ್ಕಿನಷ್ಟು ದೊಡ್ಡದು, ಅಷ್ಟೇ. ಅದರೊಳಗೆ ಮಲಗಿದ ಬಡಕಲು ನಾಯಿ, ಮರಳು ಗಡಿಯಾರ, ಗಂಟೆ, ತಕ್ಕಡಿ, ರೆಕ್ಕೆಯ ಒಂದೊಂದು ಗರಿ! ಎಲ್ಲವನ್ನೂ ತಾಮ್ರದ ತಗಡಿನ ಮೇಲೆ ಕೈಯಲ್ಲೇ ಕೊರೆದದ್ದು ಅಂತ ಪಕ್ಕದಲ್ಲಿ ಬರೆದಿದ್ದರು. ನಂಬಲಿಕ್ಕೆ ಆಗಲಿಲ್ಲ. ಇಷ್ಟು ಸಣ್ಣ ಗೆರೆಯನ್ನು ಲೋಹದ ಮೇಲೆ ಎಳೆಯುವುದು ಹೇಗೆ? ಒಂದು ಗೆರೆ ತಪ್ಪಿದರೆ ತಗಡನ್ನು ಎಸೆಯಬೇಕಿತ್ತಾ? ಇನ್ನೊಂದು ಅನುಮಾನ: ನಮ್ಮಲ್ಲಿ ಸಾವಿರಾರು ವರ್ಷದಿಂದ ತಾಮ್ರಶಾಸನ ಕೊರೆಯುತ್ತಿದ್ದರಲ್ಲ, ಅದರಿಂದ ಅಚ್ಚು ಹಾಕುವ ಯೋಚನೆ ನಮಗೆ ಯಾಕೆ ಬರಲಿಲ್ಲ?

ಉತ್ತರ: ಮುಂದಿನ ಸಲ ಊರಿಗೆ ಬಂದಾಗ ಅಟ್ಟದಿಂದ ಒಂದು ಹಳೆ ಹಿತ್ತಾಳೆ ಪಾತ್ರೆ ಇಳಿಸಿ ನೋಡಿ. ಅಂಚಿನ ಹತ್ತಿರ ಅಜ್ಜಿಯ ಹೆಸರೋ, ಮದುವೆಗೆ ಕೊಟ್ಟವರ ಹೆಸರೋ ಕೊರೆದಿರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಪಾತ್ರೆ ಪಳಪಳ ಹೊಳೆಯುತ್ತದೆ. ಆದರೆ ಅಕ್ಷರದ ಸಂದಿಯಲ್ಲಿ ಕೂತ ಕರಿ ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ, ಅಲ್ವಾ? ತಾಮ್ರದ ಎಂಗ್ರೇವಿಂಗ್ ಇಡೀ ನಿಂತಿರುವುದು ಆ ಹೋಗದ ಕರಿಯ ಮೇಲೆ. ತಗಡಿನಲ್ಲಿ ಗೀರು ಕೊರೆಯಿರಿ. ಮಸಿ ತುಂಬಿ. ಮೇಲಿನ ಮಸಿಯನ್ನೆಲ್ಲ ಒರೆಸಿ ತೆಗೆಯಿರಿ. ಗೀರಿನೊಳಗಿನದು ಉಳಿಯುತ್ತದೆ. ಒದ್ದೆ ಕಾಗದವನ್ನು ಮೇಲಿಟ್ಟು ಬಲವಾಗಿ ಒತ್ತಿದರೆ ಕಾಗದ ಗೀರಿನೊಳಕ್ಕೆ ಇಳಿದು ಆ ಮಸಿಯನ್ನು ಎತ್ತಿಕೊಂಡು ಬರುತ್ತದೆ.

ಮರದಚ್ಚು ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಬೇಡದ ಜಾಗವನ್ನು ಕೆತ್ತಿ ತೆಗೆದು, ಗೆರೆಯನ್ನು ಎತ್ತರಕ್ಕೆ ಉಳಿಸುತ್ತಾರೆ. ಮಸಿ ಹತ್ತುವುದು ಎತ್ತರದ ಭಾಗಕ್ಕೆ, ರಬ್ಬರ್ ಸ್ಟಾಂಪಿನ ಹಾಗೆ. ಡ್ಯೂರರ್ ಎರಡನ್ನೂ ಮಾಡಿದವನು, ಅದಕ್ಕೇ ಜನರಿಗೆ ಗೊಂದಲ. 1515ರ ಅವನ ಪ್ರಸಿದ್ಧ ಘೇಂಡಾಮೃಗ ಇದೆಯಲ್ಲ, ಗೋವೆಯಿಂದ ಹಡಗು ಹತ್ತಿ ಲಿಸ್ಬನ್‌ಗೆ ಹೋದ ಪ್ರಾಣಿ, ಅದು ಮರದಚ್ಚು. ಅದಕ್ಕೂ ನೀವು ನೋಡಿದ ಚಿತ್ರಕ್ಕೂ ಕೆಲಸದ ಕ್ರಮದಲ್ಲಿ ಸಂಬಂಧವೇ ಇಲ್ಲ. ಮರದಚ್ಚಿಗೆ ಅವನು ಚಿತ್ರ ಬರೆದುಕೊಟ್ಟರೆ ಸಾಮಾನ್ಯವಾಗಿ ಕೆತ್ತುವ ಕೆಲಸ ಮರದಚ್ಚು ಕೆತ್ತುವ ಕಸುಬಿನವರದ್ದು. ತಾಮ್ರವನ್ನು ಮಾತ್ರ ಅವನೇ ಕೊರೆಯುತ್ತಿದ್ದ.

ಈಗ ನಿಮ್ಮ ಮೊದಲ ಪ್ರಶ್ನೆ.

ನಾನು ಅಚ್ಚುಕಲೆ ಕಲಿಸುವವನು. ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಯೂ ಒಂದೇ ತಪ್ಪು ಮಾಡುತ್ತಾನೆ. ಉಳಿಯನ್ನು ಪೆನ್ನಿನ ಹಾಗೆ ಹಿಡಿಯುತ್ತಾನೆ. ಪೆನ್ನನ್ನು ನಾವು ನಮ್ಮ ಕಡೆಗೆ, ಪಕ್ಕಕ್ಕೆ, ಮೇಲಕ್ಕೆ, ಹೇಗೆ ಬೇಕೋ ಹಾಗೆ ಎಳೆಯುತ್ತೇವೆ. ಎಂಗ್ರೇವಿಂಗ್ ಉಳಿಗೆ ಬ್ಯೂರಿನ್ ಅಂತ ಹೆಸರು. ಅದನ್ನು ಎಳೆಯುವುದೇ ಇಲ್ಲ, ತಳ್ಳುತ್ತೇವೆ. ಅದೂ ಒಂದೇ ದಿಕ್ಕಿಗೆ, ಮುಂದಕ್ಕೆ. ನೇಗಿಲು ಹೋದ ಹಾಗೆ. ಹೊಲದಲ್ಲೂ ಸಾಲು, ಹಾಳೆಯ ಮೇಲೂ ಸಾಲು ಅನ್ನುತ್ತೇವಲ್ಲ, ಈ ಕೆಲಸದಲ್ಲಿ ಅವೆರಡೂ ನಿಜವಾಗಿ ಒಂದೇ.

ಬ್ಯೂರಿನ್ ಅಂದರೆ ಹದ ಮಾಡಿದ ಉಕ್ಕಿನ ಸಣ್ಣ ಸರಳು. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಚೌಕ, ಇಲ್ಲವೇ ಶಂಕರಪೋಳಿಯ ಆಕಾರ. ತುದಿಯನ್ನು ಓರೆಯಾಗಿ ಸಾಣೆ ಹಿಡಿದಿರುತ್ತಾರೆ. ಹಾಗಾಗಿ ಕೆಳಗಿನ ಎರಡು ಮೈ ಸೇರುವ ಕಡೆ ಒಂದು ಚೂಪಾದ ಮೂತಿ ಬರುತ್ತದೆ. ಹಿಡಿಕೆ ಅಣಬೆಯಂಥ ಮರದ ಗುಂಡು. ಅದರ ಒಂದು ಬದಿಯನ್ನು ಚಪ್ಪಟೆ ಮಾಡಿರುತ್ತಾರೆ, ಇಲ್ಲದಿದ್ದರೆ ಉಳಿಯನ್ನು ತಗಡಿಗೆ ಒರಗಿಸಿದಂತೆ ತಗ್ಗಿಸಿ ಹಿಡಿಯಲು ಆಗುವುದಿಲ್ಲ. ಗುಂಡು ಅಂಗೈಯ ಗುಳಿಯಲ್ಲಿ ಕೂರುತ್ತದೆ. ತೋರುಬೆರಳು ಸರಳಿನ ಮೇಲೆ ಉದ್ದಕ್ಕೆ ಮಲಗುತ್ತದೆ. ಬಲ ಬರುವುದು ಅಂಗೈಯಿಂದ. ಬೆರಳು ದಾರಿ ತೋರಿಸುತ್ತದೆ ಅಷ್ಟೇ.

ತಗಡು ಮೇಜಿನ ಮೇಲಲ್ಲ, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಕೂತಿರುತ್ತದೆ. ಗುಟ್ಟು ಇರುವುದು ಆ ದಿಂಬಿನಲ್ಲಿ. ವಕ್ರ ಗೆರೆ ಬೇಕಾದಾಗ ಕೊರೆಯುವವನು ಬಲಗೈಯನ್ನು ತಿರುಗಿಸುವುದಿಲ್ಲ. ಎಡಗೈಯಿಂದ ತಗಡನ್ನು ತಿರುಗಿಸುತ್ತಾನೆ. ಉಳಿ ಹೆಚ್ಚುಕಡಿಮೆ ನಿಂತಲ್ಲೇ ನಿಂತು ಮುಂದಕ್ಕೆ ತಳ್ಳುತ್ತಿರುತ್ತದೆ, ತಾಮ್ರ ಅದರ ಕೆಳಗೆ ತಿರುಗುತ್ತದೆ. ಡ್ಯೂರರ್‌ನ ಚಿತ್ರದಲ್ಲಿ ಒಂದು ಗುಂಗುರು ಕೂದಲು ನೋಡಿದರೆ ಅದು ಬಲಗೈ ಬರೆದದ್ದಲ್ಲ, ಎಡಗೈ ತಿರುಗಿಸಿದ್ದು. ಇದು ಅರ್ಥವಾದ ದಿನ ನನಗೆ ಆ ಚಿತ್ರಗಳೇ ಬೇರೆ ಥರ ಕಾಣತೊಡಗಿದವು.

ಉಳಿ ಮುಂದೆ ಹೋದಂತೆ ಪೆನ್ಸಿಲ್ ಹೆರೆದಾಗ ಬರುವ ಸುರುಳಿಯ ಹಾಗೆ ತಾಮ್ರದ ಎಳೆ ಎದ್ದು ಬರುತ್ತದೆ. ನೋಡಲು ಚೆಂದ, ಚುಚ್ಚಿದರೆ ಗೊತ್ತಾಗುತ್ತದೆ. ಉಳಿಯನ್ನು ಕೊಂಚ ಎತ್ತಿ ತಳ್ಳಿದರೆ ಮೂತಿ ಆಳಕ್ಕೆ ಇಳಿಯುತ್ತದೆ. ಗೀರಿನ ಆಕಾರ ಇಂಗ್ಲಿಷಿನ ವಿ ಅಕ್ಷರದ ಹಾಗಿರುವುದರಿಂದ ಆಳವಾದಷ್ಟೂ ಅಗಲವೂ ಆಗುತ್ತದೆ. ಹೆಚ್ಚು ಮಸಿ ಹಿಡಿಯುತ್ತದೆ, ಗೆರೆ ದಪ್ಪಗೆ ಕಪ್ಪಾಗಿ ಬೀಳುತ್ತದೆ. ತಗ್ಗಿಸಿದರೆ ಗೆರೆ ತೆಳುವಾಗಿ ಮಾಯವಾಗುತ್ತದೆ. ಒಂದೇ ಗೆರೆ ಕೂದಲಂತೆ ಹುಟ್ಟಿ, ಮಧ್ಯದಲ್ಲಿ ಉಬ್ಬಿ, ಮತ್ತೆ ಕೂದಲಂತೆ ಮುಗಿಯುವುದು ಹೀಗೆ.

ಗೀರಿನ ಎರಡೂ ದಂಡೆಯಲ್ಲಿ ಸ್ವಲ್ಪ ಲೋಹ ಎದ್ದು ನಿಲ್ಲುತ್ತದೆ, ನೇಗಿಲ ಸಾಲಿನ ಪಕ್ಕ ಮಣ್ಣು ನಿಂತ ಹಾಗೆ. ಅದನ್ನು ಸ್ಕ್ರೇಪರ್ ಅನ್ನುವ ಮೂರು ಅಲಗಿನ ಚಾಕುವಿನಿಂದ ಹೆರೆದು ತೆಗೆಯಬೇಕು. ಆಗಲೇ ಗೆರೆ ಸ್ವಚ್ಛ. ಹಾಗೇ ಬಿಟ್ಟರೆ ಆ ದಂಡೆ ಮಸಿ ಹಿಡಿದು ಮಖಮಲ್ಲಿನಂಥ ಮಸುಕು ಕೊಡುತ್ತದೆ. ಉಳಿಯ ಬದಲು ಮೊನೆಯಿಂದ ಗೀಚಿ ಬೇಕೆಂದೇ ದಂಡೆ ಎಬ್ಬಿಸುವ ಕ್ರಮಕ್ಕೆ ಡ್ರೈಪಾಯಿಂಟ್ ಎಂದು ಹೆಸರು. ಡ್ಯೂರರ್ 1512ರ ಸುಮಾರಿಗೆ ಅದನ್ನೂ ಪ್ರಯತ್ನಿಸಿ ಕೈಬಿಟ್ಟ. ಆ ದಂಡೆ ಅಚ್ಚಿನ ಒತ್ತಡಕ್ಕೆ ಬೇಗ ಚಪ್ಪಟೆಯಾಗುತ್ತದೆ, ಕೆಲವೇ ಪ್ರತಿ ಚೆನ್ನಾಗಿ ಬರುತ್ತವೆ. ಅಚ್ಚು ಮಾರಿ ಬದುಕುವವನಿಗೆ ಅದು ಗಿಟ್ಟುವುದಿಲ್ಲ.

ತಗಡಿನ ಬಗ್ಗೆಯೂ ಒಂದು ಮಾತು. ಆಗ ರೋಲರಿನಲ್ಲಿ ಹಾಯಿಸಿದ ತಗಡು ಇರಲಿಲ್ಲ. ಕಂಚುಗಾರರು ಬಡಿದು ಬಡಿದು ಮಾಡಿದ ತಗಡು. ಬಡಿದ ತಾಮ್ರ ಗಟ್ಟಿಯಾಗುತ್ತದೆ, ಅದರಲ್ಲಿ ಉಳಿ ಚೆನ್ನಾಗಿ ನಿಲ್ಲುತ್ತದೆ. ಮೆತ್ತಗಿನ ತಾಮ್ರದಲ್ಲಿ ಉಳಿ ಹೂತುಕೊಳ್ಳುತ್ತದೆ, ಬೆಣ್ಣೆಯಲ್ಲಿ ಚಮಚ ಸಿಕ್ಕಿಕೊಂಡಂತೆ. ಬಡಿದ ತಗಡನ್ನು ಹೆರೆದು, ಪ್ಯೂಮಿಸ್ ಕಲ್ಲಿನಿಂದ, ಆಮೇಲೆ ಇದ್ದಿಲು ಮತ್ತು ನೀರಿನಿಂದ ಉಜ್ಜಿ, ಕೊನೆಗೆ ಬರ್ನಿಷರ್ ಎಂಬ ನುಣುಪು ಉಕ್ಕಿನಿಂದ ಎಣ್ಣೆ ಹಾಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದರು. ಒಂದು ಕೂದಲೆಳೆ ಗೀರು ಉಳಿದರೂ ಅದು ಮಸಿ ಹಿಡಿದು ಚಿತ್ರದಲ್ಲಿ ಬೀಳುತ್ತದೆ. ಬೇಸರದ ಕೆಲಸ. ಕಲಿಯಲು ಬಂದ ಹುಡುಗರ ಪಾಲಿನದ್ದು.

ಅದಕ್ಕಿಂತ ಮುಖ್ಯ ಸಾಣೆ. ಉಳಿಯ ಮೂತಿ ಚೂಪಾಗಿದೆಯೋ ಇಲ್ಲವೋ ಅಂತ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡುತ್ತೇವೆ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ. ಮೊಂಡು ಉಳಿಗೆ ಜಾಸ್ತಿ ಬಲ ಬೇಕು. ಜಾಸ್ತಿ ಬಲ ಹಾಕಿದಾಗಲೇ ಉಳಿ ಜಾರುವುದು. ನನ್ನ ಎಡ ಹೆಬ್ಬೆರಳಿನ ಬುಡದಲ್ಲಿ ಒಂದು ಕಲೆ ಇದೆ. ಕಲಿಯುವ ಮೊದಲ ವರ್ಷ, ಸಾಣೆ ಹಿಡಿಯಲು ಸೋಮಾರಿತನ ಮಾಡಿದ್ದಕ್ಕೆ ಸಿಕ್ಕ ಸರ್ಟಿಫಿಕೇಟು. ಅವತ್ತಿನಿಂದ ಹತ್ತು ಹನ್ನೆರಡು ಗೆರೆಗೊಮ್ಮೆ ಕಲ್ಲಿಗೆ ಹೋಗುತ್ತೇನೆ.

ಇಷ್ಟಾದರೂ ನಿಮ್ಮ ಅಚ್ಚರಿ ಉಳಿದಿರುತ್ತದೆ: ಗೆರೆ ಸರಿ, ಆದರೆ ಆ ಬೂದು ನೆರಳು ಎಲ್ಲಿಂದ ಬಂತು? ನೆರಳು ಇಲ್ಲ. ಅಲ್ಲಿ ಇರುವುದು ಕಪ್ಪು ಮಸಿ, ಬಿಳಿ ಕಾಗದ, ಎರಡೇ. ಗೆರೆಗಳು ಹತ್ತಿರ ಬಂದರೆ ಕಣ್ಣು ಅದನ್ನು ಬೂದು ಅಂದುಕೊಳ್ಳುತ್ತದೆ. ಅಡ್ಡಗೆರೆ ಹಾಕಿದರೆ ಕಪ್ಪಾಗುತ್ತದೆ. ಬೆಳಕು ಬೇಕಾದಲ್ಲಿ ಕಾಗದವನ್ನು ಸುಮ್ನೆ ಬಿಡಬೇಕು. ಕೋಲ್ಮಾರ್ ಊರಿನ ಮಾರ್ಟಿನ್ ಶೋಂಗವರ್ ಇದನ್ನು ಒಂದು ಶಿಸ್ತಿಗೆ ತಂದವನು. ಅವನಿಗಿಂತ ಮುಂಚಿನವರು ಸಣ್ಣ ಸಣ್ಣ ಗೀಟು ಹಾಕಿ ನೆರಳು ತುಂಬಿಸುತ್ತಿದ್ದರು. ಶೋಂಗವರ್ ಗೆರೆಯನ್ನು ಮೈಯ ಉಬ್ಬುತಗ್ಗಿನ ಜೊತೆ ಬಳಸಿಕೊಂಡು ಹೋಗುವಂತೆ ಮಾಡಿದ. ತೋಳಿನ ಮೇಲೆ ಬಳೆ ಹೇಗೆ ಬಾಗುತ್ತದೋ ಹಾಗೆ ಅವನ ಗೆರೆ ಬಾಗುತ್ತದೆ. ಗೆರೆ ನೆರಳನ್ನೂ ಹೇಳುತ್ತದೆ, ಆಕಾರವನ್ನೂ ಹೇಳುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಸಂತ ಆಂಟನಿಯನ್ನು ಪಿಶಾಚಿಗಳು ಆಕಾಶದಲ್ಲಿ ಹಿಡಿದು ಎಳೆದಾಡುವ ಅವನ ಚಿತ್ರವನ್ನು ಹುಡುಗ ಮೈಕೆಲ್ಯಾಂಜೆಲೊ ಕೂಡ ನಕಲು ಮಾಡಿ ಬಣ್ಣ ಹಾಕಿದ್ದ. 1492ರಲ್ಲಿ ಡ್ಯೂರರ್ ಈ ಗುರುವನ್ನು ನೋಡಲೆಂದು ಕೋಲ್ಮಾರ್‌ಗೆ ಹೋದ. ಶೋಂಗವರ್ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಶೋಂಗವರ್‌ನ ಅಪ್ಪ ಅಕ್ಕಸಾಲಿಗ. ಡ್ಯೂರರ್‌ನ ಅಪ್ಪನೂ ಅಕ್ಕಸಾಲಿಗ, ನ್ಯೂರೆಂಬರ್ಗ್ ಊರಿನಲ್ಲಿ. ಡ್ಯೂರರ್ ಮೊದಲು ಉಳಿ ಹಿಡಿದದ್ದು ಅಪ್ಪನ ಅಂಗಡಿಯಲ್ಲೇ. ಇದು ಆಕಸ್ಮಿಕ ಅಲ್ಲ. ಬೆಳ್ಳಿ ಬಟ್ಟಲಿನ ಮೇಲೆ ಬಳ್ಳಿ ಕೊರೆಯುವ ಉಳಿ, ಕೈಚಳಕ, ಸಾಣೆ, ದಿಂಬು ಎಲ್ಲವೂ ಅಕ್ಕಸಾಲೆಯಲ್ಲಿ ಮೊದಲೇ ಇದ್ದವು. ಇಟಲಿಯವರು ಇದಕ್ಕೊಂದು ಕತೆ ಕಟ್ಟಿದರು. ಫ್ಲಾರೆನ್ಸಿನ ಮಾಸೊ ಫಿನಿಗ್ವೆರಾ ಎಂಬ ಅಕ್ಕಸಾಲಿಗ ಈ ಅಚ್ಚನ್ನು ಕಂಡುಹಿಡಿದ ಅಂತ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ತನ್ನ ನಾಡಿನವನ ಮೇಲಿನ ಅಭಿಮಾನ ಅದು. ಜರ್ಮನಿಯ ಒಂದು ಅಚ್ಚಿನ ಮೇಲೆ 1446 ಎಂಬ ಇಸವಿ ಇದೆ, ಅದಕ್ಕೂ ಮುಂಚಿನವು ರೈನ್ ನದಿಯ ಮೇಲ್ದಂಡೆಯಲ್ಲಿ 1430ರ ದಶಕದಲ್ಲೇ ಶುರುವಾಗಿದ್ದವು. ಆ ಮೊದಲಿಗರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಅವರಲ್ಲೊಬ್ಬ ಇಸ್ಪೀಟ್ ಎಲೆಗಳನ್ನು ಕೊರೆದಿದ್ದರಿಂದ ಅವನನ್ನು ‘ಇಸ್ಪೀಟೆಲೆಯ ಮೇಷ್ಟ್ರು’ ಅಂತಲೇ ಇವತ್ತಿಗೂ ಕರೆಯುತ್ತಾರೆ.

ಅಚ್ಚು ತೆಗೆಯುವುದಕ್ಕೂ ಬಹಳ ಹದ ಬೇಕು. ಮಸಿಯ ಕಪ್ಪು ಬರುತ್ತಿದ್ದುದು ಸುಟ್ಟ ದ್ರಾಕ್ಷಿ ಬಳ್ಳಿ, ವೈನ್ ಗಷ್ಟು, ಮೂಳೆ ಇಂಥವುಗಳಿಂದ. ಅದನ್ನು ಕಾಯಿಸಿ ಗಟ್ಟಿ ಮಾಡಿದ ಅಗಸೆ ಎಣ್ಣೆಯಲ್ಲೋ ಅಕ್ರೋಟ್ ಎಣ್ಣೆಯಲ್ಲೋ ಅರೆಯುತ್ತಿದ್ದರು. ತಗಡನ್ನು ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿಸಿ ಮಾಡಿದರೆ ಮಸಿ ತೆಳುವಾಗಿ ಗೀರಿಗೆ ಇಳಿಯುತ್ತದೆ. ಆಮೇಲೆ ಬಟ್ಟೆಯಿಂದ ಒರೆಸುವುದು. ಕೊನೆಯ ಒರಸು ಬರೀ ಅಂಗೈಯದ್ದು, ಸ್ವಲ್ಪ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು. ಬಟ್ಟೆ ಗೀರಿನೊಳಗಿನ ಮಸಿಯನ್ನೂ ಎಳೆದುಬಿಡಬಹುದು, ಅಂಗೈ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ನಾನು ಇವತ್ತಿಗೂ ಅಂಗೈಯಲ್ಲೇ ಒರೆಸುತ್ತೇನೆ. ಮದುವೆ ಮನೆಗೆ ಹೋಗುವ ಹಿಂದಿನ ದಿನ ಮಾತ್ರ ಇಲ್ಲ.

ಕಾಗದವನ್ನು ಮೊದಲೇ ಒದ್ದೆ ಮಾಡಿ, ಒಂದರ ಮೇಲೊಂದು ಇಟ್ಟು ಭಾರ ಹೇರಿರುತ್ತಾರೆ. ನೀರು ಸಮನಾಗಿ ಹರಡಿ ಮೆತ್ತಗಾಗುತ್ತದೆ. ಪುಸ್ತಕದ ಅಚ್ಚುಯಂತ್ರ ಮೇಲಿಂದ ಒಂದೇ ಸಲ ಒತ್ತುತ್ತದೆ, ಆ ಬಲ ಇಲ್ಲಿ ಸಾಲದು. ಎರಡು ಮರದ ರೋಲರುಗಳ ನಡುವೆ ಒಂದು ಹಲಗೆ. ಹಲಗೆಯ ಮೇಲೆ ತಗಡು, ಕಾಗದ, ಅದರ ಮೇಲೆ ಉಣ್ಣೆಯ ಕಂಬಳಿ. ಕಬ್ಬಿನ ಗಾಣಕ್ಕೆ ಕಬ್ಬು ಕೊಟ್ಟ ಹಾಗೆ ಅದನ್ನು ನಡುವೆ ಹಾಯಿಸುತ್ತಾರೆ. ಕಂಬಳಿ ಕಾಗದವನ್ನು ಪ್ರತಿ ಗೀರಿನೊಳಕ್ಕೂ ನೂಕುತ್ತದೆ. ಹೊರಗೆ ಬಂದ ಅಚ್ಚಿನಲ್ಲಿ ಗೆರೆಗಳು ಕಾಗದದಿಂದ ಒಂದಿಷ್ಟು ಎದ್ದಿರುತ್ತವೆ. ಸುತ್ತಲೂ ತಗಡಿನ ಅಂಚು ಒತ್ತಿದ ಗುರುತು ಬೀಳುತ್ತದೆ. ಹಳೆಯ ಅಚ್ಚುಗಳಲ್ಲಿ ಎಷ್ಟೋ ಸಲ ಆ ಅಂಚನ್ನು ಕತ್ತರಿಸಿಬಿಟ್ಟಿರುತ್ತಾರೆ.

ಒಂದು ತಗಡಿನಿಂದ ಕೆಲವು ನೂರು ಒಳ್ಳೆ ಪ್ರತಿ ಬರುತ್ತವೆ. ಆಮೇಲೆ ತೆಳು ಗೆರೆಗಳು ಮೊದಲು ಸವೆಯುತ್ತವೆ. ಚಿತ್ರದ ಬೂದು ಭಾಗ ಬಿಳಿಚಿಕೊಂಡು, ಕಪ್ಪು ಮಾತ್ರ ಉಳಿದು, ಬೆಳಕು ಕಿತ್ತುಹೋದಂತೆ ಕಾಣುತ್ತದೆ. ತಗಡನ್ನು ಕೊಂಡವರು ಸವೆದ ಗೆರೆಯನ್ನು ಮತ್ತೆ ಕೊರೆಸಿ ಮಾರುತ್ತಿದ್ದರು. ಡ್ಯೂರರ್ ಸತ್ತ ಮೇಲೂ ಅವನ ತಗಡುಗಳಿಂದ ಅಚ್ಚು ತೆಗೆದಿದ್ದಾರೆ. ಒಂದೇ ಚಿತ್ರದ ಎರಡು ಪ್ರತಿಗಳ ನಡುವೆ ಬೆಲೆಯಲ್ಲಿ ಅಜಗಜಾಂತರ ಇರುವುದು ಇದಕ್ಕೇ. ಕಾಗದದ ನೀರುಗುರುತು ನೋಡಿ ಪ್ರತಿ ಯಾವ ಕಾಲದ್ದು ಎಂದು ಅಂದಾಜು ಮಾಡುವ ಪಂಡಿತರೇ ಇದ್ದಾರೆ.

ಎರಡನೇ ಪ್ರಶ್ನೆ: ತಪ್ಪಿದರೆ?

ತಪ್ಪುತ್ತಿತ್ತು. ತಿದ್ದುತ್ತಿದ್ದರು. ಗೀರು ತೆಳುವಾಗಿದ್ದರೆ ಬರ್ನಿಷರಿನಿಂದ ಉಜ್ಜಿದರೆ ಸಾಕು, ತಾಮ್ರ ಒಳಕ್ಕೆ ಸರಿದು ಗೀರು ಮುಚ್ಚಿಕೊಳ್ಳುತ್ತದೆ. ಆಳವಾಗಿದ್ದರೆ ಆ ಜಾಗವನ್ನೇ ಹೆರೆಯಬೇಕು. ಹೆರೆದರೆ ಗುಳಿ ಬೀಳುತ್ತದೆ, ಗುಳಿಯಲ್ಲಿ ಮಸಿ ನಿಲ್ಲುತ್ತದೆ. ಅದಕ್ಕೆ ತಗಡನ್ನು ಮಗುಚಿ, ಕಡ್ಡಿಗಳೆರಡು ಬಾಗಿದ ಕೈವಾರದಿಂದ ಹಿಂಬದಿಯ ಸರಿಯಾದ ಜಾಗ ಗುರುತು ಮಾಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗುಳಿಯನ್ನು ಮೇಲಕ್ಕೆ ತರುತ್ತಾರೆ. ಪಾತ್ರೆಯ ತಗ್ಗು ತೆಗೆಯುವವರು ಮಾಡುವುದೂ ಇದನ್ನೇ. ಮತ್ತೆ ಪಾಲಿಶ್, ಮತ್ತೆ ಕೊರೆತ. ಸಾಧ್ಯ, ಆದರೆ ಯಾರಿಗೂ ಇಷ್ಟವಿಲ್ಲದ ಕೆಲಸ.

ನೀವು ನೋಡಿದ ಚಿತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ. ಗಂಟೆಯ ಕೆಳಗೆ ಹದಿನಾರು ಮನೆಯ ಮಾಯಾಚೌಕ ನೋಡಿರುತ್ತೀರಿ. ಅಡ್ಡ ಕೂಡಿದರೂ ಉದ್ದ ಕೂಡಿದರೂ 34. ಕೆಳಗಿನ ಸಾಲಿನ ನಡುವೆ 15 ಮತ್ತು 14, ಅಂದರೆ ಚಿತ್ರದ ಇಸವಿ 1514. ಮೂರನೇ ಸಾಲಿನ ಮೊದಲ ಅಂಕಿ 9. ಮೊದಮೊದಲು ತೆಗೆದ ಕೆಲವು ಪ್ರತಿಗಳಲ್ಲಿ ಆ 9 ಉಲ್ಟಾ ಬಿದ್ದಿದೆ! ಆಮೇಲೆ ತಿದ್ದಿ ಸರಿ ಮಾಡಿದ್ದಾನೆ, ತಿದ್ದಿದ 9 ಈಗಲೂ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಯಾಕೆ ಹೀಗಾಯಿತು ಅಂದರೆ, ತಗಡಿನಲ್ಲಿ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು. ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಚಿತ್ರವಾದರೆ ಹೇಗೋ ನಡೆಯುತ್ತದೆ, ಅಕ್ಷರ ಅಂಕಿ ನಡೆಯುವುದಿಲ್ಲ. ಮೇಕೆಯ ಮೇಲೆ ಹಿಂದುಮುಂದಾಗಿ ಕೂತ ಮಾಟಗಾತಿಯ ಒಂದು ಪುಟ್ಟ ಚಿತ್ರದಲ್ಲಿ ಅವನ ಸಹಿಯ ಡಿ ಅಕ್ಷರವೇ ತಿರುಗಿದೆ. ಅದು ತಪ್ಪೋ, ಹಿಂದುಮುಂದಾದ ಮಾಟಗಾತಿಗೆ ಹಿಂದುಮುಂದಾದ ಸಹಿ ಎಂಬ ತಮಾಷೆಯೋ ಅಂತ ಚರ್ಚೆ ಇದೆ. ನನಗೆ ತಮಾಷೆ ಅಂತಲೇ ಅನಿಸುತ್ತದೆ.

ಆದರೆ ಅನುಭವಿ ಕೊರೆತಗಾರನ ನಿಜವಾದ ರಕ್ಷಣೆ ತಿದ್ದುವುದರಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಡ್ಯೂರರ್‌ನ 1504ರ ‘ಆಡಮ್ ಮತ್ತು ಈವ್’ ಚಿತ್ರದ ಅರ್ಧ ಮುಗಿದ ಪರೀಕ್ಷಾ ಪ್ರತಿಗಳು ಅದೃಷ್ಟವಶಾತ್ ಉಳಿದಿವೆ. ಅವುಗಳಲ್ಲಿ ಹಿನ್ನೆಲೆಯ ಕಾಡು ಬಹುಪಾಲು ಪೂರ್ತಿಯಾಗಿದೆ. ಇಬ್ಬರ ಮೈ ಮಾತ್ರ ಹೆಚ್ಚಾಗಿ ಬರೀ ಹೊರಗೆರೆ, ಖಾಲಿ ಕಾಗದ. ಅಂದರೆ ಮೊದಲು ಎಲ್ಲದರ ಅಂಚನ್ನು ತೆಳುವಾಗಿ ಗೀಚಿಕೊಂಡ. ಕಡು ಕಪ್ಪಿನ ಹಿನ್ನೆಲೆಯನ್ನು ಮುಗಿಸಿದ. ಅಷ್ಟು ಕಪ್ಪಿನ ಪಕ್ಕ ಚರ್ಮ ಎಷ್ಟು ಬೆಳ್ಳಗಿರಬೇಕು ಅಂತ ಅಚ್ಚು ತೆಗೆದು ಕಣ್ಣಾರೆ ನೋಡಿದ. ಆಮೇಲೇ ಮೈಗೆ ಉಳಿ ಇಟ್ಟ. ಗೆರೆಯನ್ನು ಕಡಿಮೆ ಮಾಡುವುದು ಕಷ್ಟ, ಸೇರಿಸುವುದು ಸುಲಭ. ಉಪ್ಪು ಹಾಕುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆ ಚಿತ್ರದಲ್ಲಿ ಕೊಂಬೆಗೆ ನೇತುಹಾಕಿದ ಒಂದು ಫಲಕ ಇದೆ, ಅದರ ಮೇಲೆ ಲ್ಯಾಟಿನ್‌ನಲ್ಲಿ ತನ್ನ ಪೂರ್ತಿ ಹೆಸರು, ಊರು, ಇಸವಿ ಕೊರೆದಿದ್ದಾನೆ. ಎಲ್ಲವನ್ನೂ ಉಲ್ಟಾ. ಒಂದಕ್ಷರವೂ ತಪ್ಪಿಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ. ನನಗೆ ಬಹಳ ಹಿಡಿಸಿದ್ದು ಇದೇ.

ನಮ್ಮ ಶಾಸನಗಳಲ್ಲಿ ‘ಖಂಡರಿಸಿದ’ ಎಂಬ ಮಾತು ಬರುತ್ತದೆ. ಕೊರೆದ ಅಂತ ಅರ್ಥ. ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು ಎಲ್ಲರೂ ತಾಮ್ರಪಟ ಬರೆಸಿದರು. ಡ್ಯೂರರ್ ಬದುಕಿದ್ದು 1471ರಿಂದ 1528ರವರೆಗೆ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಡ್ಯೂರರ್ ನ್ಯೂರೆಂಬರ್ಗಿನಲ್ಲಿ ತಾಮ್ರ ಕೊರೆಯುತ್ತಿದ್ದ ಅದೇ ವರ್ಷಗಳಲ್ಲಿ ವಿಜಯನಗರದಲ್ಲಿ ಮಲ್ಲಣನ ಮಗ ವೀರಣಾಚಾರ್ಯ ರಾಯನ ತಾಮ್ರಶಾಸನಗಳನ್ನು ಕೊರೆಯುತ್ತಿದ್ದ. ಶಾಸನದ ಕೊನೆಯಲ್ಲಿ ಅವನ ಹೆಸರೂ ಇರುತ್ತದೆ. ಇಬ್ಬರೂ ಸಹಿ ಹಾಕಿದವರು. ಕೈಗೆಲಸದಲ್ಲಿ ಒಬ್ಬರಿಗೊಬ್ಬರು ಅಪರಿಚಿತರಾಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಆದರೆ ವೀರಣಾಚಾರ್ಯನ ಕೆಲಸಕ್ಕೆ ಪ್ರತಿ ತೆಗೆಯುವ ಅಗತ್ಯವೇ ಇರಲಿಲ್ಲ. ಶಾಸನದಲ್ಲಿ ತಗಡೇ ದಾಖಲೆ. ಅದಕ್ಕೆ ಬಳೆ, ಬಳೆಗೆ ರಾಜಮುದ್ರೆ. ದಾನ ಪಡೆದವನ ಮನೆಯಲ್ಲಿ ಅದು ತಲೆಮಾರುಗಟ್ಟಲೆ ಇರಬೇಕು. ಅಕ್ಷರ ಸವೆಯದಿರಲಿ ಎಂದು ಎಷ್ಟೋ ಪಟಗಳ ಅಂಚನ್ನು ಎತ್ತರಿಸಿರುತ್ತಾರೆ. ಹತ್ತು ಪ್ರತಿ ಇದ್ದರೆ ಹತ್ತು ಜನ ಅದೇ ಗದ್ದೆ ತಮ್ಮದು ಅನ್ನುತ್ತಿದ್ದರು! ಶಾಸನವನ್ನು ನೇರವಾಗಿ ಓದಬೇಕು, ಹಾಗಾಗಿ ಅಕ್ಷರ ನೇರವಾಗಿಯೇ ಕೊರೆದಿದೆ. ಅಚ್ಚು ಹಾಕಿದರೆ ತಿರುಗಿ ಬೀಳುತ್ತಿತ್ತು. ಡ್ಯೂರರ್‌ನ ತಗಡಿನಲ್ಲಿ ಇದೆಲ್ಲ ಉಲ್ಟಾ. ಅಲ್ಲಿ ತಗಡು ಬರೀ ಸಾಧನ, ಜನರ ಕೈಗೆ ಹೋಗಬೇಕಾದದ್ದು ಕಾಗದ. ಕೆಲಸ ಮುಗಿದ ಎಷ್ಟೋ ತಗಡುಗಳನ್ನು ಕರಗಿಸಿದರು, ಕೆಲವಕ್ಕೆ ಹಿಂಬದಿಯಲ್ಲಿ ಎಣ್ಣೆಬಣ್ಣದ ಚಿತ್ರ ಬರೆದು ಮಾರಿದರು.

ಯುರೋಪಿನಲ್ಲೂ ಲೋಹ ಕೊರೆಯುವುದು ಹಳೆಯ ವಿದ್ಯೆಯೇ. ಚರ್ಚಿನ ಸಮಾಧಿಗಳ ಮೇಲೆ ಹಿತ್ತಾಳೆ ಫಲಕ ಕೊರೆಯುತ್ತಿದ್ದರು, ಕತ್ತಿ ಬಟ್ಟಲು ಕೊರೆಯುತ್ತಿದ್ದರು. ನೂರಾರು ವರ್ಷ ಅವರಿಗೂ ಅಚ್ಚು ಹೊಳೆಯಲಿಲ್ಲ. ಬದಲಾದದ್ದು ಉಳಿ ಅಲ್ಲ, ಕಾಗದ. 1390ರಲ್ಲಿ ಉಲ್ಮನ್ ಸ್ಟ್ರೋಮರ್ ಎಂಬ ವ್ಯಾಪಾರಿ ಆಲ್ಪ್ಸ್ ಬೆಟ್ಟಗಳ ಉತ್ತರಕ್ಕೆ, ಜರ್ಮನ್ ನಾಡಿನ ಮೊದಲ ಕಾಗದದ ಗಿರಣಿ ಹಾಕಿದ. ಎಲ್ಲಿ ಗೊತ್ತಾ? ನ್ಯೂರೆಂಬರ್ಗ್ ಊರಿನ ಗೋಡೆಯ ಹೊರಗೆ. ಅಲ್ಲಿಂದ ನಲವತ್ತು ಐವತ್ತು ವರ್ಷದಲ್ಲಿ ಅಕ್ಕಸಾಲಿಗರು ತಮ್ಮ ಉಳಿಯ ಗೆರೆಗಳನ್ನು ಕಾಗದದ ಮೇಲೆ ಒತ್ತತೊಡಗಿದರು. ಬಟ್ಟಲಿಗೆ ಹಾಕುವ ಬಳ್ಳಿಯ ನಮೂನೆಯನ್ನು ಕಾಗದದಲ್ಲಿ ತೆಗೆದಿಟ್ಟರೆ ಇನ್ನೊಂದು ಊರಿನ ಅಕ್ಕಸಾಲಿಗ ಅದನ್ನು ಕೊಳ್ಳುತ್ತಾನಲ್ಲ! ಶೋಂಗವರ್ ಒಂದು ಧೂಪದಾನಿಯನ್ನು ಎಷ್ಟು ವಿವರವಾಗಿ ಕೊರೆದಿದ್ದಾನೆ ಅಂದರೆ ಅದನ್ನು ನೋಡಿಕೊಂಡೇ ಬೆಳ್ಳಿಯಲ್ಲಿ ಎರಕ ಹೊಯ್ಯಬಹುದು.

ಪ್ರತಿ ಬಂದ ಕಡೆ ಕಳ್ಳಪ್ರತಿಯೂ ಬರುತ್ತದೆ. ಬೊಲೊನ್ಯಾದ ಮಾರ್ಕಾಂಟೋನಿಯೊ ರೈಮೊಂಡಿ ಡ್ಯೂರರ್‌ನ ಮರದಚ್ಚುಗಳನ್ನು ತಾಮ್ರದಲ್ಲಿ ಗೆರೆಗೆ ಗೆರೆ ನಕಲು ಮಾಡಿದ, ಸಹಿಯನ್ನೂ ಸೇರಿಸಿ. ಡ್ಯೂರರ್ ವೆನಿಸ್ ಸರಕಾರಕ್ಕೆ ದೂರು ಕೊಟ್ಟ, ಆದರೆ ಅವರು ಸಹಿ ಬಳಸಬೇಡ ಅಂದರೇ ಹೊರತು ನಕಲು ನಿಲ್ಲಿಸು ಅನ್ನಲಿಲ್ಲ ಅಂತ ವಸಾರಿ ಬರೆದಿದ್ದಾನೆ. ಅದೇ ರೈಮೊಂಡಿ ಮುಂದೆ ರೋಮಿನಲ್ಲಿ ರಫೇಲ್‌ನ ಚಿತ್ರಗಳನ್ನು ಕೊರೆದು ದೊಡ್ಡ ಹೆಸರಾದ. ಅಲ್ಲಿಂದ ಚಿತ್ರ ಬರೆಯುವವನೊಬ್ಬ, ಕೊರೆಯುವವನೊಬ್ಬ, ಮಾರುವವನೊಬ್ಬ ಎಂದು ಕೆಲಸ ಹಂಚಿಹೋಯಿತು. ಆಂಟ್ವರ್ಪಿನಲ್ಲಿ ಹೈರೋನಿಮಸ್ ಕಾಕ್ ಎಂಬ ಪ್ರಕಾಶಕ ಇದನ್ನೊಂದು ಕಾರ್ಖಾನೆಯಂತೆ ನಡೆಸಿದ. ಬ್ರೂಗೆಲ್ ಬರೆದ ‘ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ’ ಚಿತ್ರವನ್ನು 1557ರಲ್ಲಿ ಅಚ್ಚು ಮಾಡಿಸಿ, ಹೆಚ್ಚು ಹೆಸರಿದ್ದ ಬಾಷ್‌ನ ಹೆಸರು ಹಾಕಿ ಮಾರಿದ. ವ್ಯಾಪಾರ ಅಂದರೆ ವ್ಯಾಪಾರ. ನಮ್ಮ ಕಡಲ ದಂಡೆಯೂ ಈ ತಾಮ್ರದ ಮೇಲೆ ಬಂದಿದೆ: 1572ರಲ್ಲಿ ಕಲೋನ್‌ನಲ್ಲಿ ಬಂದ ಬ್ರೌನ್ ಮತ್ತು ಹೋಗನ್‌ಬರ್ಗ್ ಅವರ ನಗರಗಳ ಸಂಪುಟದಲ್ಲಿ ಕಲ್ಲಿಕೋಟೆ, ಕಣ್ಣೂರು ಇವೆ. ಕೊರೆದವರು ಅವನ್ನು ಕಂಡವರಲ್ಲ.

ಕೈಚಳಕದಲ್ಲಿ ಈ ಹಾದಿಯ ಕೊನೆಗೆ ನಿಲ್ಲುವವನು ಹಾರ್ಲೆಮ್‌ನ ಹೆಂಡ್ರಿಕ್ ಗೋಲ್ಟ್ಸಿಯಸ್. ಪುಟ್ಟ ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅವನ ಬಲಗೈ ಸುಟ್ಟು ಸೊಟ್ಟಗಾಗಿತ್ತು. ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಪೆನ್ನಿಗೆ ಅದು ಕಷ್ಟದ ಕೈ. ಆದರೆ ಬ್ಯೂರಿನ್ ಹಿಡಿಯಲು ಬೆರಳು ಬಿಚ್ಚುವುದು ಬೇಡ, ಅಂಗೈ ತಳ್ಳಿದರೆ ಸಾಕು ಅಂತ ಮೊದಲೇ ಹೇಳಿದೆನಲ್ಲ. ಆ ಕೈಯಿಂದ ಅವನು ಉಬ್ಬಿ ಇಳಿಯುವ ಗೆರೆಯನ್ನು ಯಾರೂ ಒಯ್ಯದಷ್ಟು ದೂರ ಒಯ್ದ. 1589ರ ಅವನ ‘ಹರ್ಕ್ಯುಲಿಸ್’ ನೋಡಿ, ಮೈತುಂಬ ಆಲೂಗಡ್ಡೆ ಮೂಟೆಯಂಥ ಸ್ನಾಯು! ನನಗೆ ಅದು ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಆದರೆ ಅವನು 1588ರಲ್ಲಿ ಪೆನ್ನಿನಿಂದ ಬರೆದ ಸ್ವಂತ ಕೈಯ ಚಿತ್ರವೊಂದು ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದರ ಗೆರೆಗಳು ಎಂಗ್ರೇವಿಂಗ್ ಗೆರೆಯ ಹಾಗೇ ಉಬ್ಬಿ ಇಳಿಯುತ್ತವೆ. ಪೆನ್ನು ಉಳಿಯನ್ನು ನಕಲು ಮಾಡುತ್ತಿದೆ.

ನೀವು ಅಲ್ಲೇ ಇರುವುದರಿಂದ ಒಂದು ಸಲಹೆ. ರೈಲಿನಲ್ಲಿ ನ್ಯೂರೆಂಬರ್ಗ್‌ಗೆ ಹೋಗಿ. ಡ್ಯೂರರ್ 1509ರಿಂದ ಸಾಯುವ ತನಕ ಇದ್ದ ಮನೆ ಈಗ ಮ್ಯೂಸಿಯಂ. ಅಲ್ಲಿ ಹಳೆ ಕ್ರಮದ ಅಚ್ಚಿನ ಕೋಣೆಯೂ ಇದೆ, ಅಚ್ಚು ಹಾಕಿ ತೋರಿಸುತ್ತಾರೆ. ಜೇಬಿನಲ್ಲಿ ಒಂದು ಭೂತಗನ್ನಡಿ ಇರಲಿ. ಯಾವುದೇ ಅಚ್ಚು ನೋಡುವಾಗ ಗೆರೆಯ ನಡುವನ್ನಲ್ಲ, ಗೆರೆಯ ತುದಿಯನ್ನು ನೋಡಿ. ಸೂಜಿಯಂತೆ ಮೊನಚಾಗಿ ಮುಗಿದಿದ್ದರೆ ಅದು ಬ್ಯೂರಿನ್ ತಾಮ್ರದಿಂದ ಮೇಲೆದ್ದ ಜಾಗ. ಮೊಂಡಾಗಿ, ಪೆನ್ನಿನ ಗೆರೆಯಂತೆ ಮುಗಿದಿದ್ದರೆ ಅದು ಆಸಿಡ್ ತಿಂದ ಗೆರೆ, ಎಚ್ಚಿಂಗ್. ಮೆಲಂಕೋಲಿಯಾದ ನಾಯಿಯ ಬೆನ್ನಿನಿಂದ ಶುರು ಮಾಡಿ. ಹಾಗೆಯೇ ಆ 9 ಯಾವ ಕಡೆಗೆ ತಿರುಗಿದೆ ನೋಡಿ, ನನಗೂ ಬರೆದು ತಿಳಿಸಿ.